ಅಡಿಪಾಯಕ್ಕೊಂದು ನಂಬರ್ ಪ್ಲೇಟು

ಮನೆ ಕಟ್ಟಲು ಹೊರಟವರು ಮೊದಲು ಎಲ್ಲಿಗೆ ಹೋಗುತ್ತಾರೆ? ಊರಿನಲ್ಲಾದರೆ ಜಾಗ ನೋಡುತ್ತಾರೆ, ಬಾವಿಗೆ ನೀರು ಎಲ್ಲಿ ಸಿಗುತ್ತದೆಂದು ತೋರಿಸುತ್ತಾರೆ, ಒಳ್ಳೆಯ ದಿನ ಕೇಳಿ ಕೆಸರುಕಲ್ಲು ಹಾಕುತ್ತಾರೆ. ನಮ್ಮ ಮುಂಬಯಿಯಲ್ಲಾದರೆ ಬಿಲ್ಡರನ ಆಫೀಸಿಗೆ ಹೋಗಿ ಬಣ್ಣಬಣ್ಣದ ಬ್ರೋಷರ್ ನೋಡಿ, ಅಲ್ಲಿಂದ ನೇರ ನಮ್ಮಂಥವರ ಬ್ಯಾಂಕಿಗೆ ಬರುತ್ತಾರೆ. ಅಮೆರಿಕದಲ್ಲಿ ಇನ್ನೊಂದು ಬಗೆಯ ಮನೆ ಇದೆ. ಅದನ್ನು ಕಟ್ಟುವವರು ಮೊದಲು ಹೋಗುವುದು ವೆಲ್ಡಿಂಗ್ ಶೆಡ್ಡಿಗೆ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಭಾರ ಹೊರುವ ಒಂದು ಕಬ್ಬಿಣದ ಟ್ರೇಲರ್ ಮಾಡಿಕೊಡಿ ಎಂದು ಅಲ್ಲಿ ಆರ್ಡರ್ ಕೊಡುತ್ತಾರೆ. ಆ ಟ್ರೇಲರ್ ಬಂದ ಮೇಲೆ ಅದರ ಮೇಲೆ ಗೋಡೆ ಏಳುತ್ತದೆ, ಮಾಡು ಕೂರುತ್ತದೆ, ಒಲೆ ಉರಿಯುತ್ತದೆ. ಅಂದರೆ ಅಡಿಪಾಯವನ್ನೇ ಅಂಗಡಿಯಿಂದ ತರಿಸಿದ ಹಾಗೆ. ಆ ಅಡಿಪಾಯಕ್ಕೆ ನಾಲ್ಕು ಚಕ್ರ, ಬ್ರೇಕು, ಹಿಂದಿನ ಲೈಟು, ನಂಬರ್ ಪ್ಲೇಟು ಎಲ್ಲವೂ ಇರುತ್ತವೆ.

ಇದಕ್ಕೆ ಅಲ್ಲಿಯವರು ಇಟ್ಟ ಹೆಸರು ಟೈನಿ ಹೌಸ್. ಪುಟಾಣಿ ಮನೆ ಅನ್ನೋಣ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ತಂಗಿಯ ಮಗನಿಂದ. ಅವನು ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 24 ಅಡಿಯ ಟ್ರೇಲರ್ ಮಾಡಿಸಲು ಹೊರಟಿದ್ದಾನೆ, ಕೂಡಿಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ತಂಗಿ ಉಡುಪಿಯಿಂದ ಫೋನು ಮಾಡಿ, "ಅಣ್ಣ, ಅವನಿಗೆ ಸ್ವಲ್ಪ ಬುದ್ಧಿ ಹೇಳು. ಅಮೆರಿಕಕ್ಕೆ ಹೋಗಿ ಗಾಡಿಯಲ್ಲಿ ಮನೆ ಮಾಡಿದ್ದಾನೆ ಅಂತ ಊರಲ್ಲಿ ಹೇಗೆ ಹೇಳುವುದು?" ಎಂದಳು. ಹುಡುಗ ಫೋನು ಮಾಡಿ, "ಮಾವ, ನೀವು ಬ್ಯಾಂಕಿನವರು, ಭಾವನೆ ಬೇಡ, ಕಾಗದ ನೋಡಿ ಹೇಳಿ" ಎಂದ.

ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು. ಇಂಜಿನಿಯರೂ ಅಲ್ಲ, ಇತಿಹಾಸಕಾರನೂ ಅಲ್ಲ. ಆದರೆ ಮನೆ ಸಾಲದ ಅರ್ಜಿ ಬಂದರೆ ಹಿಂದಿನ ಮೂವತ್ತು ವರ್ಷದ ಕಾಗದ ತೆಗೆಸಿ, ಜಾಗ ಯಾರಿಂದ ಯಾರಿಗೆ ಬಂತು ಎಂದು ವಕೀಲರಿಂದ ಸರ್ಚ್ ರಿಪೋರ್ಟ್ ಬರೆಸುವುದು ನಮ್ಮ ಪದ್ಧತಿ. ಈ ಚಕ್ರದ ಮನೆಗೂ ಹಾಗೊಂದು ಸರ್ಚ್ ರಿಪೋರ್ಟ್ ಮಾಡಿದರೆ ಹೇಗೆ ಎಂದು ಕುಳಿತೆ. ಮೂವತ್ತು ವರ್ಷ ಸಾಲಲಿಲ್ಲ, ನೂರ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು.

ಇಂಗ್ಲೆಂಡಿನಿಂದ ಶುರು ಮಾಡೋಣ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಯ ರೋಮಾನಿ ಜನ, ಅಂದರೆ ನಾವು ಜಿಪ್ಸಿಗಳು ಎನ್ನುತ್ತಿದ್ದವರು, ಕುದುರೆ ಎಳೆಯುವ ಮರದ ಬಂಡಿಗಳಲ್ಲಿ ಸಂಸಾರ ಮಾಡುತ್ತಿದ್ದರು. ಆ ಬಂಡಿಗೆ ವಾರ್ಡೋ ಎಂದು ಹೆಸರು. ಒಳಗೆ ಸಣ್ಣ ಒಲೆ, ಮಂಚ, ಕಪಾಟು. ಭಾಷಾಶಾಸ್ತ್ರಜ್ಞರ ಪ್ರಕಾರ ರೋಮಾನಿ ಭಾಷೆಯ ಬೇರು ಇರುವುದು ನಮ್ಮ ಉತ್ತರ ಭಾರತದ ಭಾಷೆಗಳಲ್ಲಿ. ಇಂಥ ಬಂಡಿಗಳನ್ನು ಅವರಿಗೆ ಬೇಕಾದ ಅಳತೆಗೆ ಮಾಡಿಕೊಡುವ ಬಡಗಿಗಳು ರೆಡಿಂಗ್ ಮುಂತಾದ ಊರುಗಳಲ್ಲಿದ್ದರು.

ಅದೇ ರೆಡಿಂಗ್ ಪಕ್ಕದ ಟ್ವೈಫರ್ಡಿನಲ್ಲಿ ಡಾ. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆಯ ವೈದ್ಯರಿದ್ದರು. ಹುಡುಗರಿಗಾಗಿ ಸಾಹಸದ ಕತೆ ಬರೆಯುವುದು ಅವರ ಇನ್ನೊಂದು ಉದ್ಯೋಗ. 1885ರಲ್ಲಿ ಅವರು ರೈಲ್ವೆ ಬೋಗಿ ಮಾಡುವ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್‌ಗೆ ಹೋಗಿ ತಮ್ಮ ಪ್ರವಾಸಕ್ಕೆಂದೇ ಒಂದು ಬಂಡಿಮನೆಯನ್ನು ಆರ್ಡರ್ ಕೊಟ್ಟು ಮಾಡಿಸಿದರು. ಮಹಾಗನಿ ಮತ್ತು ಮೇಪಲ್ ಮರದ ಕೆಲಸ, ಸುಮಾರು ಎರಡು ಟನ್ ತೂಕ, ಎಳೆಯಲು ಎರಡು ಕುದುರೆ. ಹೆಸರು ವಾಂಡರರ್. ಅದರಲ್ಲಿ ಅವರು ಸ್ಕಾಟ್‌ಲ್ಯಾಂಡಿನ ಇನ್ವರ್ನೆಸ್‌ವರೆಗೆ ಹೋದರು, 1886ರಲ್ಲಿ ಆ ಪ್ರಯಾಣದ ಪುಸ್ತಕವೂ ಬಂತು. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಇದನ್ನು ಗುರುತಿಸುತ್ತಾರೆ. 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿದಾಗ ಸ್ಟೇಬಲ್ಸ್ ಅದರ ಉಪಾಧ್ಯಕ್ಷರಾದರು.

ಇಲ್ಲಿ ಒಂದು ಮಾತು ಗಮನಿಸಿ. ಬಡವ ಬಂಡಿಯಲ್ಲಿ ಮಲಗಿದರೆ ಅಲೆಮಾರಿ, ಪೊಲೀಸರು ಬಂದು ಎಬ್ಬಿಸುತ್ತಾರೆ. ಡಾಕ್ಟರು ಮಲಗಿದರೆ ಪ್ರವಾಸಿ, ಊರಿನವರು ಬಂದು ನೋಡಿ ಹೋಗುತ್ತಾರೆ. ಈ ಭೇದ ಇಂದಿನವರೆಗೂ ಚಕ್ರದ ಮನೆಯನ್ನು ಬಿಟ್ಟಿಲ್ಲ. ನನ್ನ ತಂಗಿಯ ಫೋನಿನಲ್ಲಿ ಇದ್ದದ್ದೂ ಅದೇ ಅಲ್ಲವೇ?

ಕುದುರೆ ಹೋಗಿ ಮೋಟಾರು ಬಂದ ಮೇಲೆ ಕತೆ ಅಮೆರಿಕಕ್ಕೆ ದಾಟಿತು. ಫೋರ್ಡ್ ಕಾರು ಅಗ್ಗವಾಗಿ, ಜನ ರಜೆಯಲ್ಲಿ ಕಾರಿನ ಹಿಂದೆ ಟೆಂಟು, ಪಾತ್ರೆ ಕಟ್ಟಿಕೊಂಡು ಹೊರಟರು. 1919ರಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿ ಇಂಥವರೆಲ್ಲ ಸೇರಿ ಟಿನ್ ಕ್ಯಾನ್ ಟೂರಿಸ್ಟ್ಸ್ ಎಂಬ ಸಂಘ ಮಾಡಿಕೊಂಡರು. ಹತ್ತು ವರ್ಷದ ನಂತರ ಡೆಟ್ರಾಯಿಟ್ ಕಡೆಯ ಆರ್ಥರ್ ಶೆರ್ಮನ್ ಎಂಬ ಬ್ಯಾಕ್ಟೀರಿಯಾ ವಿಜ್ಞಾನಿ, ಪೇಟೆಯಲ್ಲಿ ಸಿಕ್ಕುವ ಟೆಂಟಿನ ಟ್ರೇಲರ್ ಮಳೆಗೆ ತಾಳದೆಂದು ಬೇಸತ್ತು, ಗಟ್ಟಿ ಗೋಡೆಯ ಟ್ರೇಲರನ್ನು ತನಗೆ ಬೇಕಾದ ಹಾಗೆ ಮಾಡಿಸಿಕೊಂಡ. ಅದಕ್ಕೆ ಕವರ್ಡ್ ವ್ಯಾಗನ್ ಎಂದು ಹೆಸರು. ಪಶ್ಚಿಮಕ್ಕೆ ವಲಸೆ ಹೋದ ಹಳೆಯ ಅಮೆರಿಕನ್ನರ ಮುಚ್ಚುಗಾಡಿಯ ನೆನಪಿಗೆ. ಕ್ಯಾಂಪಿನಲ್ಲಿ ಕಂಡವರು ನಮಗೂ ಒಂದು ಬೇಕು ಎಂದರು. 1930ರಲ್ಲಿ ಡೆಟ್ರಾಯಿಟ್ ಮೋಟಾರು ಪ್ರದರ್ಶನಕ್ಕೆ ಇಟ್ಟ, ಕೆಲವೇ ವರ್ಷಗಳಲ್ಲಿ ದೇಶದ ಅತಿ ದೊಡ್ಡ ಟ್ರೇಲರ್ ಕಂಪೆನಿಗಳಲ್ಲಿ ಅವನದೂ ಒಂದಾಯಿತು. 1931ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾಲಿ ಬಯಾಮ್ ಏರ್‌ಸ್ಟ್ರೀಮ್ ಕಂಪೆನಿ ಶುರು ಮಾಡಿದ. 1936ರ ಅವನ ಅಲ್ಯುಮಿನಿಯಂ ಟ್ರೇಲರ್ ವಿಮಾನದ ಹೊಟ್ಟೆಯಂತೆ ಹೊಳೆಯುತ್ತಿತ್ತು.

ಆದರೆ ಅದು ಮಹಾ ಆರ್ಥಿಕ ಕುಸಿತದ ಕಾಲ. ರಜೆಗೆಂದು ಮಾಡಿದ ಟ್ರೇಲರಿನಲ್ಲಿ ಜನ ವರ್ಷವಿಡೀ ಇರತೊಡಗಿದರು. ಊರಿನ ಕೌನ್ಸಿಲ್‌ಗಳಿಗೆ ತಲೆಬಿಸಿ ಶುರುವಾಯಿತು. ಇವರು ಆಸ್ತಿ ತೆರಿಗೆ ಕಟ್ಟುವುದಿಲ್ಲ, ಮಕ್ಕಳು ಮಾತ್ರ ಶಾಲೆಗೆ ಬರುತ್ತಾರೆ ಎಂದು ಎಷ್ಟೋ ಊರುಗಳು ಟ್ರೇಲರಿನಲ್ಲಿ ವಾಸ ಮಾಡಬಾರದೆಂದು ನಿಯಮ ತಂದವು. ಆಮೇಲೆ ಎರಡನೇ ಮಹಾಯುದ್ಧ ಬಂತು. ಯುದ್ಧ ಸಾಮಗ್ರಿಯ ಕಾರ್ಖಾನೆಗಳಿಗೆ ಬಂದ ಕೆಲಸಗಾರರಿಗೆ ಮನೆ ಸಾಲದೆ ಸರಕಾರವೇ ಸಾವಿರಾರು ಟ್ರೇಲರ್ ಕೊಂಡಿತು. ಬೇಡ ಎಂದದ್ದೂ ಸರಕಾರ, ಬೇಕು ಎಂದದ್ದೂ ಸರಕಾರ.

ಅಲ್ಲಿಯವರೆಗೂ ಟ್ರೇಲರಿನ ಅಗಲ ಎಂಟು ಅಡಿ ದಾಟುವಂತಿರಲಿಲ್ಲ, ಏಕೆಂದರೆ ಹೆದ್ದಾರಿಯಲ್ಲಿ ಅದಕ್ಕಿಂತ ಅಗಲದ ಗಾಡಿಗೆ ಬಿಡುತ್ತಿರಲಿಲ್ಲ. 1950ರ ದಶಕದ ಮಧ್ಯದಲ್ಲಿ ವಿಸ್ಕಾನ್ಸಿನ್ ರಾಜ್ಯದ ಎಲ್ಮರ್ ಫ್ರೇ ಎಂಬ ತಯಾರಕ ಹತ್ತು ಅಡಿ ಅಗಲದ್ದು ಮಾಡಿದ. ವಿಶೇಷ ಪರವಾನಗಿ ತೆಗೆದುಕೊಂಡು ಒಮ್ಮೆ ಸಾಗಿಸಿದರೆ ಆಯಿತು, ಮತ್ತೆ ಅಲ್ಲಾಡಿಸುವ ಪ್ರಶ್ನೆ ಇಲ್ಲ. ಅಲ್ಲಿಂದ ಒಂದೇ ಹೊಟ್ಟೆಯ ಎರಡು ಮಕ್ಕಳು ಬೇರೆಯಾದವು. ಒಂದು, ಕಾರಿನ ಹಿಂದೆ ತಿರುಗುವ ಪ್ರವಾಸದ ಟ್ರೇಲರ್. ಇನ್ನೊಂದು, ಹೆಸರಿಗೆ ಮೊಬೈಲ್ ಹೋಂ, ನಿಜದಲ್ಲಿ ಒಂದೇ ಕಡೆ ಕುಳಿತ ಬಡ ಮಧ್ಯಮ ವರ್ಗದ ಮನೆ.

ಈ ಎರಡನೆಯದಕ್ಕೆ 1974ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು. 1976ರ ಜೂನ್ 15ರಿಂದ ಇಡೀ ದೇಶಕ್ಕೆ ಒಂದೇ ನಿರ್ಮಾಣ ನಿಯಮ ಜಾರಿಗೆ ಬಂತು. ಅದರ ವ್ಯಾಖ್ಯೆಯಲ್ಲಿ ಎರಡು ಅಂಶ ನಮಗೆ ಮುಖ್ಯ. ಒಂದು, ಮನೆ ಶಾಶ್ವತವಾದ ಚಾಸಿ ಮೇಲೆ ಕಟ್ಟಿರಬೇಕು. ಎರಡು, ನಿಲ್ಲಿಸಿದಾಗ 320 ಚದರ ಅಡಿಯಾದರೂ ಇರುವಂಥದ್ದು ಅದರ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ತೀರಾ ಚಿಕ್ಕದು, ಅಗಲ ಕಡಿಮೆಯದು ಈ ಕಾನೂನಿಗೂ ಸಿಗದು, ಊರಿನ ಕಟ್ಟಡ ನಿಯಮಕ್ಕೂ ಸಿಗದು. ಆ ಸಂದಿಯಲ್ಲೇ ಪುಟಾಣಿ ಮನೆ ಹುಟ್ಟಿತು.

1999ರಲ್ಲಿ ಅಯೋವಾ ರಾಜ್ಯದ ಜೇ ಶೇಫರ್ ಎಂಬ ಕಲಾವಿದ ತನಗೊಬ್ಬನಿಗೆ ಸಾಕಾಗುವ, ಸುಮಾರು ನೂರು ಚದರ ಅಡಿಯ ಮರದ ಮನೆ ಕಟ್ಟಿಕೊಂಡ. ಮನೆ ಇಷ್ಟಕ್ಕಿಂತ ದೊಡ್ಡದಿರಬಾರದು ಎನ್ನುವ ನಿಯಮ ನಮಗೆ ಗೊತ್ತು. ಇಷ್ಟಕ್ಕಿಂತ ಚಿಕ್ಕದಿರಬಾರದು ಎನ್ನುವ ನಿಯಮ ಅಲ್ಲಿ ಅಡ್ಡ ಬಂತು. ಅಷ್ಟು ಚಿಕ್ಕದಕ್ಕೆ ಮನೆ ಎಂದು ಪರವಾನಗಿ ಕೊಡುವುದಿಲ್ಲ. ಆಗ ಆತ ಮನೆಯನ್ನು ಟ್ರೇಲರಿನ ಮೇಲೆ ಕಟ್ಟಿದ. ಈಗ ಅದು ಕಟ್ಟಡ ಅಲ್ಲ, ಗಾಡಿಯ ಮೇಲಿನ ಹೊರೆ! ಇಳಿಜಾರು ಮಾಡು, ಪುಟ್ಟ ಜಗಲಿ, ಕಿಟಕಿ ಎಲ್ಲ ಇರುವ ಆ ಮನೆಯ ನಕ್ಷೆಗಳನ್ನು ಮಾರಲು ಟಂಬಲ್‌ವೀಡ್ ಎಂಬ ಕಂಪೆನಿಯನ್ನೂ ಶುರು ಮಾಡಿದ. 2004ರಲ್ಲಿ ಡೀ ವಿಲಿಯಮ್ಸ್ ಎಂಬಾಕೆ, ಹೃದಯದ ಕಾಯಿಲೆ ಗೊತ್ತಾದ ಮೇಲೆ ದೊಡ್ಡ ಮನೆ, ಅದರ ಸಾಲ ಎರಡನ್ನೂ ಬಿಟ್ಟು, ಸುಮಾರು 10,000 ಡಾಲರಿನಲ್ಲಿ 84 ಚದರ ಅಡಿಯ ಮನೆ ಕಟ್ಟಿಕೊಂಡಳು. ಟ್ರೇಲರ್ ಮೇಲೆಯೇ.

ಇವರು ಈಜುತ್ತಿದ್ದುದು ಪ್ರವಾಹದ ವಿರುದ್ಧ ದಿಕ್ಕಿಗೆ. ಅಮೆರಿಕದಲ್ಲಿ ಹೊಸ ಮನೆಯ ಸರಾಸರಿ ವಿಸ್ತೀರ್ಣ 1973ರಲ್ಲಿ ಸುಮಾರು 1,660 ಚದರ ಅಡಿ ಇದ್ದದ್ದು 2007ಕ್ಕೆ 2,500 ದಾಟಿತ್ತು. ಸಂಸಾರ ಚಿಕ್ಕದಾಗುತ್ತಿತ್ತು, ಮನೆ ದೊಡ್ಡದಾಗುತ್ತಿತ್ತು, ನಡುವಿನ ಖಾಲಿ ಜಾಗವನ್ನು ಸಾಲ ತುಂಬುತ್ತಿತ್ತು. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದ ದಿನ ನಾನು ಲೋನ್ ಡೆಸ್ಕಿನಲ್ಲಿದ್ದೆ. ಮರುದಿನದಿಂದ ಹೆಡ್ ಆಫೀಸಿನ ಸರ್ಕ್ಯುಲರ್‌ಗಳ ಭಾಷೆಯೇ ಬದಲಾಯಿತು. ಅಲ್ಲಿ ಲಕ್ಷಾಂತರ ಜನ ಮನೆ ಕಳೆದುಕೊಂಡರು. ಅಲ್ಲಿಯವರೆಗೆ ಹುಚ್ಚರ ಹವ್ಯಾಸ ಎನಿಸಿದ್ದ ನೂರು ಚದರ ಅಡಿಯ ಮನೆ ಬುದ್ಧಿವಂತಿಕೆಯಂತೆ ಕಾಣತೊಡಗಿತು. 2014ರಿಂದ ಅದರ ಮೇಲೆ ಟಿ.ವಿ. ಕಾರ್ಯಕ್ರಮಗಳೂ ಬಂದವು.

ಎಲ್ಲ ಚಕ್ರದ ಮನೆಯ ಕತೆಯೂ ಸುಖಾಂತವಲ್ಲ. 2005ರ ಕತ್ರೀನಾ ಚಂಡಮಾರುತದ ನಂತರ ಅಮೆರಿಕ ಸರಕಾರ ಸಂತ್ರಸ್ತರಿಗಾಗಿ ಒಂದು ಲಕ್ಷಕ್ಕೂ ಹೆಚ್ಚು ಟ್ರೇಲರ್ ಮತ್ತು ಮೊಬೈಲ್ ಹೋಂ ಅವಸರದಲ್ಲಿ ಕೊಂಡಿತು. ಒಳಗಿನ ಪ್ಲೈವುಡ್, ಅಂಟುಗಳಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನಿಲದಿಂದ ಜನರಿಗೆ ಕಣ್ಣುರಿ, ಉಸಿರಾಟದ ತೊಂದರೆ. 2008ರ ಫೆಬ್ರವರಿಯಲ್ಲಿ ಅಲ್ಲಿಯ ರೋಗ ನಿಯಂತ್ರಣ ಕೇಂದ್ರವೇ ಪರೀಕ್ಷೆ ಮಾಡಿ, ಬೇಸಗೆ ಬರುವ ಮುಂಚೆ ಇವರನ್ನು ಹೊರಗೆ ಸ್ಥಳಾಂತರಿಸಿ ಎಂದು ಹೇಳಿತು. ಚಿಕ್ಕ ಮನೆಯಲ್ಲಿ ಗಾಳಿಯೂ ಚಿಕ್ಕದೇ. ಕೆಟ್ಟ ಮಾಲು ಹಾಕಿದರೆ ದೊಡ್ಡ ಮನೆಗಿಂತ ಬೇಗ ತಿಳಿಯುತ್ತದೆ.

ಇನ್ನು ಟ್ರೇಲರಿನ ವಿಷಯಕ್ಕೆ ಬರೋಣ. ಮೊದಮೊದಲು ಜನ ಕಾರು ಅಥವಾ ಟ್ರ್ಯಾಕ್ಟರು ಸಾಗಿಸುವ ಸೆಕೆಂಡ್ ಹ್ಯಾಂಡ್ ಟ್ರೇಲರ್ ತಂದು ಅದರ ಮೇಲೇ ಕಟ್ಟುತ್ತಿದ್ದರು. ಕೆಲವರು ಹಳೆಯ ಪ್ರವಾಸಿ ಟ್ರೇಲರಿನ ಮೈ ಕಿತ್ತು ಚಾಸಿ ಮಾತ್ರ ಉಳಿಸಿಕೊಳ್ಳುತ್ತಿದ್ದರು. ಅಗ್ಗವೇನೋ ಹೌದು, ಆದರೆ ಕಾರು ಹೊರಲು ಮಾಡಿದ್ದು ಮನೆ ಹೊರುವುದು ಕಷ್ಟ. ಕಾರು ಒಂದು ಗಂಟೆ ಕೂತು ಇಳಿದುಹೋಗುತ್ತದೆ, ಮನೆ ಇಳಿಯುವುದಿಲ್ಲ. ಹಾಗಾಗಿ ಕ್ರಮೇಣ ಮನೆಗೆಂದೇ ಟ್ರೇಲರ್ ಮಾಡಿಕೊಡುವವರು ಹುಟ್ಟಿಕೊಂಡರು.

ಅದರ ಅಳತೆ ಬಂದದ್ದು ವಾಸ್ತುವಿನಿಂದಲ್ಲ, ರಸ್ತೆ ಕಾನೂನಿನಿಂದ. 1982ರ ಸಾರಿಗೆ ಕಾಯ್ದೆಯ ನಂತರ ಅಲ್ಲಿಯ ಮುಖ್ಯ ಹೆದ್ದಾರಿಗಳಲ್ಲಿ ಟ್ರಕ್ಕುಗಳ ಅಗಲದ ಮಿತಿ 96 ಇಂಚಿನಿಂದ 102 ಇಂಚಿಗೆ ಏರಿತು, ಅಂದರೆ ಎಂಟೂವರೆ ಅಡಿ. ಎತ್ತರ ಹೆಚ್ಚಿನ ರಾಜ್ಯಗಳಲ್ಲಿ ಹದಿಮೂರೂವರೆ ಅಡಿ. ಇದರೊಳಗೆ ಮನೆ ಮುಗಿಯಬೇಕು. ಅಟ್ಟದಲ್ಲಿ ಮಲಗುವ ಜಾಗ ಬೇಕಿದ್ದರೆ ಟ್ರೇಲರಿನ ಹಲಗೆ ನೆಲಕ್ಕೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ಅದಕ್ಕೆ ಆಕ್ಸೆಲನ್ನು ಬಾಗಿಸಿ ಚೌಕಟ್ಟನ್ನು ಕೆಳಗೆ ಇಳಿಸುತ್ತಾರೆ. ಕಬ್ಬಿಣದ ಅಡ್ಡಪಟ್ಟಿಗಳ ನಡುವಿನ ಜಾಗದಲ್ಲೇ ಚಳಿ ತಡೆಯುವ ಪದರ ತುಂಬುತ್ತಾರೆ, ಇದರಿಂದ ನೆಲಕ್ಕೆಂದು ಬೇರೆ ಎತ್ತರ ಖರ್ಚಾಗುವುದಿಲ್ಲ. ಗೋಡೆ ಕೂರಲು ಅಂಚಿನಲ್ಲಿ ಪಟ್ಟಿ, ಗೋಡೆಯನ್ನು ಬಿಗಿಯಲು ಚೌಕಟ್ಟಿಗೇ ವೆಲ್ಡ್ ಮಾಡಿದ ಬೋಲ್ಟು, ನಿಂತಲ್ಲಿ ಅಲುಗಾಡದಂತೆ ನಾಲ್ಕು ಮೂಲೆಗೆ ಜಾಕು. ಹೆದ್ದಾರಿಯಲ್ಲಿ ಮನೆ ಹೋಗುವಾಗ ಅದಕ್ಕೆ ಭೂಕಂಪ, ಬಿರುಗಾಳಿ ಎರಡೂ ಒಟ್ಟಿಗೆ ಬಂದ ಹಾಗೆ.

ನಮ್ಮ ಕಡೆಯ ತೇರು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಉತ್ಸವದ ದಿನ ನಾವು ನೋಡುವುದು ಮೇಲಿನ ಪತಾಕೆ, ಬಟ್ಟೆ, ಹೂವು. ಅದು ವರ್ಷಕ್ಕೊಮ್ಮೆ ಕಟ್ಟಿ ಬಿಚ್ಚುವುದು. ತೇರಿನ ಬಡಗಿ ನೋಡುವುದು ಮಾತ್ರ ಅಚ್ಚು ಮತ್ತು ಗಾಲಿಯನ್ನು. ಅಚ್ಚು ಮುರಿದರೆ ಮೇಲಿನ ಅಲಂಕಾರ ಏನು ಮಾಡೀತು?

ಭಾರದ ಲೆಕ್ಕ ಬ್ಯಾಂಕಿನವರಿಗೆ ಇನ್ನೂ ಸುಲಭ. ಪ್ರತಿ ಟ್ರೇಲರಿಗೆ ಒಟ್ಟು ಭಾರದ ಮಿತಿ ಎಂದು ಒಂದು ಅಂಕಿ ಬರೆದಿರುತ್ತದೆ. ಕ್ಯಾಶ್ ಕ್ರೆಡಿಟ್ ಖಾತೆಯ ಲಿಮಿಟ್ ಇದ್ದ ಹಾಗೆ. ಎಷ್ಟೋ ಜನ ಅಷ್ಟೂ ಭಾರದ ಮನೆ ಕಟ್ಟಬಹುದೆಂದು ತಿಳಿಯುತ್ತಾರೆ. ಹಾಗಲ್ಲ, ಆ ಮಿತಿಯಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿದೆ. ಅದನ್ನು ಮಾರ್ಜಿನ್ ಎಂದು ಕಳೆದ ಮೇಲೆ ಉಳಿಯುವುದೇ ಡ್ರಾಯಿಂಗ್ ಪವರ್. 3,500 ಪೌಂಡಿನ ಎರಡು ಆಕ್ಸೆಲ್ ಇದ್ದರೆ ಮಿತಿ 7,000 ಪೌಂಡ್, ಸುಮಾರು 3,175 ಕಿಲೋ. ಟ್ರೇಲರೇ 2,000 ಪೌಂಡ್ ಇದ್ದರೆ ಮನೆಗೆ ಉಳಿಯಿತು 5,000. 24 ಅಡಿಯ ಮನೆ ಸಾಮಾನುಗಳ ಜೊತೆ ಸುಲಭವಾಗಿ ಅದರ ಎರಡು ಪಟ್ಟು ತೂಗುತ್ತದೆ. ಅದಕ್ಕೇ 7,000 ಪೌಂಡಿನ ಎರಡು ಆಕ್ಸೆಲ್, ಅಂದರೆ 14,000 ಪೌಂಡಿನ ಟ್ರೇಲರ್ ಬೇಕಾಗುವುದು. ಇನ್ನೊಂದು ಲೆಕ್ಕ: ಒಟ್ಟು ಭಾರದ ಶೇಕಡಾ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಅಡುಗೆಮನೆ, ನೀರಿನ ಟ್ಯಾಂಕು ಎಲ್ಲ ಹಿಂದಕ್ಕೆ ಹಾಕಿದರೆ ದಾರಿಯಲ್ಲಿ ಮನೆ ಬಾಲ ಬೀಸುತ್ತದೆ.

ಈಗ ಕಾಗದ. ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಕಲಮು ಭೂಮಿಗೆ ಅಂಟಿದ್ದು ಅಂದರೆ ಏನು ಎಂದು ಹೇಳುತ್ತದೆ: ಮರದಂತೆ ಬೇರೂರಿದ್ದು, ಗೋಡೆ ಕಟ್ಟಡದಂತೆ ಹೂತದ್ದು, ಹಾಗೆ ಹೂತದ್ದಕ್ಕೆ ಶಾಶ್ವತ ಉಪಯೋಗಕ್ಕಾಗಿ ಜೋಡಿಸಿದ್ದು. ಅಂಥದ್ದನ್ನು ಅಡಮಾನ ಮಾಡಬಹುದು. ಚಕ್ರ ಇರುವುದನ್ನು ಅಡಮಾನ ಮಾಡಲು ಬರುವುದಿಲ್ಲ, ಹೈಪಾಥಿಕೇಷನ್ ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನ ಪ್ರಕಾರ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಬರೆಸುತ್ತೇವೆ, ಅಷ್ಟೇ. ಇಲ್ಲಿ ಮಹಾರಾಷ್ಟ್ರದ ದಸ್ತಾವೇಜುಗಳಲ್ಲಿ ಈಗಲೂ ಸ್ಥಾವರ, ಜಂಗಮ ಎಂದೇ ಬರೆಯುತ್ತಾರೆ. ಆ ಎರಡು ಶಬ್ದ ಕಂಡಾಗಲೆಲ್ಲ ಕನ್ನಡಿಗನಾದ ನನಗೆ ಬಸವಣ್ಣ ನೆನಪಾಗುತ್ತಾನೆ. ಆದರೆ ಬ್ಯಾಂಕು ಬಸವಣ್ಣನ ಮಾತು ಕೇಳುವುದಿಲ್ಲ. ಅದಕ್ಕೆ ಸ್ಥಾವರದ ಮೇಲೇ ಹೆಚ್ಚು ನಂಬಿಕೆ.

ಅಮೆರಿಕದಲ್ಲೂ ಹಾಗೆಯೇ. ಜಮೀನಿಗೆ ಅಂಟಿದ ಮನೆಗೆ ಮೂವತ್ತು ವರ್ಷದ ಸಾಲ, ಕಡಿಮೆ ಬಡ್ಡಿ. ಚಕ್ರದ ಮನೆಗೆ ಚರ ಆಸ್ತಿಯ ಸಾಲ, ಅವಧಿ ಕಡಿಮೆ, ಬಡ್ಡಿ ಹೆಚ್ಚು. ಸ್ವಾರಸ್ಯವೆಂದರೆ ಅಲ್ಲಿ ವಾಹನದ ಒಡೆತನದ ಕಾಗದಕ್ಕೆ ಟೈಟಲ್ ಎನ್ನುತ್ತಾರೆ. ನಮ್ಮ ಕಿವಿಗೆ ಟೈಟಲ್ ಅಂದರೆ ಜಾಗದ್ದು. ಹೊಸ ಟ್ರೇಲರಿನ ಜೊತೆ ತಯಾರಕರು ಮೂಲ ಪ್ರಮಾಣಪತ್ರ ಕೊಡುತ್ತಾರೆ, ಚೌಕಟ್ಟಿನ ಮೇಲೆ ಹದಿನೇಳು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಅವೆರಡರ ಮೇಲೆ ಟೈಟಲ್ ಹುಟ್ಟುತ್ತದೆ. ಕಾಗದವಿಲ್ಲದ ಹಳೆಯ ಟ್ರೇಲರ್ ಅಗ್ಗಕ್ಕೆ ತಂದು ಅದರ ಮೇಲೆ ಮನೆ ಕಟ್ಟಿದವರಿಗೆ ಮನೆ ಪೂರ್ತಿಯಾದ ಮೇಲೆ ತೊಂದರೆ: ವಿಮೆ ಇಲ್ಲ, ನಂಬರ್ ಇಲ್ಲ, ಮಾರಲೂ ಬರುವುದಿಲ್ಲ. ಟ್ರೇಲರನ್ನು ಕಳಚಿ ಬದಲಿಸಲು ಅದೇನು ಸ್ಕೂಟರಿನ ಟೈರೇ?

ಕಾನೂನು ನಿಧಾನವಾಗಿ ಬದಲಾಗಿದೆ. ಅಮೆರಿಕದ ಮಾದರಿ ವಸತಿ ನಿಯಮಾವಳಿಯಲ್ಲಿ ಮನೆಗೆ 120 ಚದರ ಅಡಿಯ ಒಂದು ಕೋಣೆಯಾದರೂ ಇರಬೇಕೆಂಬ ನಿಯಮವನ್ನು 2015ರ ಆವೃತ್ತಿಯಲ್ಲಿ ತೆಗೆದರು. 2018ರ ಆವೃತ್ತಿಯಲ್ಲಿ 400 ಚದರ ಅಡಿ ಒಳಗಿನ ಪುಟಾಣಿ ಮನೆಗೆಂದೇ ಒಂದು ಅನುಬಂಧ ಸೇರಿಸಿದರು. ಅದು ನೆಲದ ಮೇಲಿನ ಮನೆಗೆ. ಚಕ್ರದ್ದನ್ನು ಕೆಲವು ನಗರಗಳು ಒಂದೊಂದಾಗಿ ಒಪ್ಪಿಕೊಂಡವು. ಲಾಸ್ ಏಂಜಲಿಸ್ 2019ರಲ್ಲಿ, ನಮ್ಮ ಹುಡುಗನ ಪೋರ್ಟ್‌ಲ್ಯಾಂಡ್ 2021ರಲ್ಲಿ, ಮನೆಯ ಹಿತ್ತಲಿನಲ್ಲಿ ಅಂಥದ್ದೊಂದನ್ನು ನಿಲ್ಲಿಸಿ ವಾಸ ಮಾಡಬಹುದೆಂದು ನಿಯಮ ಮಾಡಿದವು.

ಇಷ್ಟೆಲ್ಲ ಓದಿದ ಮೇಲೆ ಅವನಿಗೆ ಕೇಳಿದೆ, "ಎಲ್ಲರ ಹಾಗೆ ಸಾಲ ಮಾಡಿ ಮನೆ ತೆಗೆದುಕೊಂಡರೆ ಏನು?" ಅವನ ಉತ್ತರ ಹೀಗಿತ್ತು: "ಮಾವ, ನಾನು ಎಚ್-1ಬಿಯಲ್ಲಿದ್ದೇನೆ. ಕೆಲಸ ಹೋದರೆ ಹೆಚ್ಚೆಂದರೆ ಅರವತ್ತು ದಿನ. ಅರವತ್ತು ದಿನದವನು ಮೂವತ್ತು ವರ್ಷದ ಸಾಲ ಹೇಗೆ ಮಾಡುವುದು?" ಆ ಅರವತ್ತು ದಿನದ ನಿಯಮ 2017ರಿಂದ ಇದೆ, ಅದಕ್ಕೂ ಮುಂಚೆ ಅಷ್ಟೂ ಇರಲಿಲ್ಲ. ಕಳೆದ ವರ್ಷಗಳಲ್ಲಿ ಅವನ ಜೊತೆಯವರು ಒಬ್ಬೊಬ್ಬರೇ ಕೆಲಸ ಕಳೆದುಕೊಂಡದ್ದನ್ನು ಅವನು ನೋಡಿದ್ದಾನೆ. ಅವನದು ಫ್ಯಾಷನ್ ಅಲ್ಲ, ಲೆಕ್ಕ.

ತಂಗಿಯ ಮಾತಿಗೂ ನನ್ನಲ್ಲಿ ಉತ್ತರ ಇತ್ತು. ನಮ್ಮ ಹಿರಿಯರು ಊರು ಬಿಟ್ಟು ಮುಂಬಯಿಗೆ ಬಂದಾಗ ಎಲ್ಲಿದ್ದರು? ಹೋಟೆಲಿನ ಅಟ್ಟದಲ್ಲಿ, ಚಾಳಿನ ಕೋಣೆಯಲ್ಲಿ. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಕೋಣೆ 160 ಚದರ ಅಡಿ. ಅದರಲ್ಲಿ ಎಂಟು ಹತ್ತು ಜನ, ಕೆಲವರು ಪಾಳಿಯ ಮೇಲೆ ನಿದ್ದೆ. ಶತಮಾನ ಕಳೆದ ಮೇಲೆ, 2025ರ ಆಗಸ್ಟ್‌ನಲ್ಲಿ, ವರ್ಲಿ ಚಾಳಿನ 556 ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಯ ಕೀಲಿ ಸಿಕ್ಕಿತು. ಹುಡುಗನ ಟ್ರೇಲರ್ 24 ಅಡಿ ಉದ್ದ, ಎಂಟೂವರೆ ಅಡಿ ಅಗಲ. ಹೊರಗಿನ ಅಳತೆ 204 ಚದರ ಅಡಿ, ಗೋಡೆ ಕಳೆದರೆ ಒಳಗೆ ಸುಮಾರು 175, ಮೇಲೊಂದು ಅಟ್ಟ. ಒಬ್ಬನೇ ಇರುವವನಿಗೆ ಇದು ಬಡತನವಲ್ಲ. ಆದರೆ ಇದನ್ನು ಚಾಳಿನ ಜೊತೆ ಪೂರ್ತಿ ಹೋಲಿಸುವುದೂ ಸರಿಯಲ್ಲ. ಚಾಳಿನವರಿಗೆ ಬೇರೆ ದಾರಿ ಇರಲಿಲ್ಲ, ಇವನಿಗೆ ಇದೆ. ಚಿಕ್ಕ ಮನೆ ಚಂದ ಎಂದು ಬರೆಯುವವರು ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ನನ್ನ ಸರ್ಚ್ ರಿಪೋರ್ಟಿನಲ್ಲಿ ನಾಲ್ಕು ಶರತ್ತು ಬರೆದು ಕಳಿಸಿದೆ. ಒಂದು, ಮನೆಯ ಪ್ರತಿ ಸಾಮಾನಿನ ಅಂದಾಜು ತೂಕದ ಪಟ್ಟಿ ಮಾಡಿ, ಅದಕ್ಕೆ ಸ್ವಲ್ಪ ಸೇರಿಸಿ, ಆಮೇಲೆ ಟ್ರೇಲರಿನ ಮಿತಿ ನಿಶ್ಚಯಿಸು. ಎರಡು, ಮೂಲ ಪ್ರಮಾಣಪತ್ರ ಮತ್ತು ಗುರುತಿನ ಸಂಖ್ಯೆ ನಿನ್ನ ಹೆಸರಿಗೆ ಬರುವವರೆಗೆ ಕೊನೆಯ ಕಂತು ಕೊಡಬೇಡ. ಮೂರು, ಒಳಗೆ ಹಾಕುವ ಪ್ಲೈವುಡ್, ಅಂಟು ಯಾವುದೆಂದು ಬರವಣಿಗೆಯಲ್ಲಿ ತೆಗೆದುಕೋ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ನಿಲ್ಲಿಸುವ ಹಿತ್ತಲಿನ ಬಾಡಿಗೆ ಕರಾರು ಮೊದಲು, ಟ್ರೇಲರಿನ ಮುಂಗಡ ಆಮೇಲೆ.

ಈ ನಾಲ್ಕನೆಯದು ನನ್ನ ಬುದ್ಧಿಯಲ್ಲ, ಇತಿಹಾಸ ಹೇಳಿದ್ದು. ಮೊಬೈಲ್ ಹೋಂನವರ ಗೋಳು ಮನೆಯದಲ್ಲ, ಮನೆಯ ಕೆಳಗಿನ ಜಾಗದ್ದು. ಮನೆ ಅವರದು, ಜಾಗ ಪಾರ್ಕಿನ ಮಾಲೀಕನದು. ಬಾಡಿಗೆ ಏರಿಸಿದರೆ ಹೊರಡೋಣ ಎಂದರೆ ಸಾಗಿಸುವ ಖರ್ಚೇ ಸಾವಿರಾರು ಡಾಲರ್, ಹೋದಲ್ಲಿ ಜಾಗ ಸಿಗಬೇಕು, ಹಳೆಯ ಮನೆಯನ್ನು ಬೇರೆ ಪಾರ್ಕಿನವರು ಒಳಗೆ ಬಿಡಬೇಕು. ಚಕ್ರ ಇದ್ದೂ ಅಲುಗಾಡಲಾರದ ಸ್ಥಿತಿ. ರೋಮಾನಿ ಜನರ ಕಾಲದಿಂದಲೂ ಜಗಳ ನಡೆದದ್ದು ಬಂಡಿಯ ಬಗ್ಗೆ ಅಲ್ಲ, ರಾತ್ರಿ ಅದನ್ನು ಎಲ್ಲಿ ನಿಲ್ಲಿಸುವುದು ಎಂಬುದರ ಬಗ್ಗೆ.

ಹುಡುಗ ಹಿತ್ತಲಿನ ಕರಾರನ್ನು ಮೂರು ವರ್ಷಕ್ಕೆ ಬರೆಸಿಕೊಂಡು, ಆಮೇಲೆ ಮುಂಗಡ ಕಟ್ಟಿದ್ದಾನೆ. ನಾಳೆ ಅವನು ವಾಪಸು ಬರಬೇಕಾದರೆ ಮನೆ ಸಮುದ್ರ ದಾಟುವುದಿಲ್ಲ, ನಿಜ. ಆದರೆ ಟೈಟಲ್ ಶುದ್ಧವಾಗಿದ್ದರೆ ಅರವತ್ತು ದಿನದಲ್ಲಿ ಮಾರಬಹುದು. ಮೂವತ್ತು ವರ್ಷದ ಕಂತು ಬೆನ್ನಿಗೆ ಕಟ್ಟಿಕೊಂಡು ಬರುವುದಕ್ಕಿಂತ ಅದು ಮೇಲು.

ನಮ್ಮಲ್ಲಿ ಅನೇಕರ ಮಕ್ಕಳು, ಅಳಿಯಂದಿರು, ಸೋದರಳಿಯರು ಹೊರದೇಶದಲ್ಲಿದ್ದಾರೆ. ಇಂಥದ್ದೊಂದು ಪ್ರಶ್ನೆ ನಿಮ್ಮ ಮನೆಗೂ ಬರಬಹುದು. ಆಗ ಊರವರು ಏನನ್ನುತ್ತಾರೆ ಎಂಬುದನ್ನು ಸ್ವಲ್ಪ ಬದಿಗಿಡಿ. ಭಾರದ ಮಿತಿ ಎಷ್ಟು, ಕಾಗದ ಯಾರ ಹೆಸರಿನಲ್ಲಿ, ನಿಲ್ಲುವ ಜಾಗ ಎಷ್ಟು ವರ್ಷಕ್ಕೆ, ಈ ಮೂರು ಕೇಳಿ. ಸ್ಥಾವರಕ್ಕಾಗಲಿ ಜಂಗಮಕ್ಕಾಗಲಿ, ನಾನು ಸಾಲದ ಅರ್ಜಿಯಲ್ಲಿ ಕೇಳುತ್ತ ಬಂದದ್ದೂ ಹೆಚ್ಚು ಕಡಿಮೆ ಇವನ್ನೇ.